ಹೀರಿ ಉಗಿಯುವವಳು

ಹೀರುವುದು, ಉಗಿಯುವುದು.
ಇಪ್ಪತ್ತೆರಡು ವರ್ಷದಿಂದ ಇದಕ್ಕೇ ನನಗೆ ಸಂಬಳ.
ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸು, ಹಿಂದಿನ ಕೋಣೆ,
ತಿರುಗುವ ಮೇಜು, ಅಂಚಿಗೆ ಹನ್ನೆರಡು ಬಿಳಿ ಬಟ್ಟಲು.
ಚಮಚ ತುಟಿಗೆ ತಾಗಿದ್ದೇ ಸರ್ರನೆ ಒಂದು ಸದ್ದು
(ಮನೆಯಲ್ಲಿ ಹೀಗೆ ಕುಡಿದಿದ್ದರೆ ಅವ್ವ ಬಡಿಯುತ್ತಿದ್ದಳು),
ನಾಲಗೆಯ ಮೇಲೆ ಒಂದು ಸುತ್ತು,
ಮೂಗಿನ ಹಿಂದೆ ಒಂದು ಸುತ್ತು,
ಆಮೇಲೆ ಪೀಕದಾನಿಗೆ.
ಗುಟುಕಿಳಿಸಿದವರು ಮಧ್ಯಾಹ್ನಕ್ಕೆ ಕೆಟ್ಟರು ಅನ್ನುತ್ತಿದ್ದರು
ಕೆಲಸ ಕಲಿಸಿದವರು.

ನುಂಗುವುದು ಇದೊಂದನ್ನೇ.
ಅವರೆಬೇಳೆಗಿಂತ ಚಿಕ್ಕದು, ನಡುವೆ ಒಂದು ಗೀರು,
ಮುರಿಯಲಿ ಅಂತಲೇ ಮಾಡಿದ್ದು.

ಮಾಘದ ಚಳಿ. ಏಳನೇ ಬಟ್ಟಲ ಮುಂದೆ
ಎದೆ ಒನಕೆ ಹಿಡಿಯಿತು.
ಇಸಿಜಿ ಚೆನ್ನಾಗಿದೆ ಅಂದರು. ರಕ್ತ ಚೆನ್ನಾಗಿದೆ ಅಂದರು.
"ಬೇಕಾದಾಗ ಅರ್ಧ. ಹದಿನೈದು ದಿನ, ಅಷ್ಟೇ.
ಕಾಫಿ ಕಡಿಮೆ ಮಾಡಿ."
ನನ್ನ ಕೆಲಸ ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು.
ನಾನೂ ನಕ್ಕೆ. ನಕ್ಕು ತಿಂಗಳಾಗಿತ್ತು.

ಆ ರಾತ್ರಿ, ಎಲ್ಲೋ ಯಾರೋ
ಹಲ್ಲರ್ ಮೋಟಾರು ಆರಿಸಿದ ಹಾಗೆ.
ಅಲ್ಲಿಯವರೆಗೂ ಅದು ಓಡುತ್ತಿತ್ತು ಅಂತ
ನಿಂತಮೇಲೇ ತಿಳಿದದ್ದು.

ಹೂಮಳೆ ಬಂತು, ಹೋಯಿತು. ಗಿಡದಲ್ಲಿ ಈಗ ಹಸಿರು ಕಾಯಿ.
ಹದಿನೈದು ದಿನ ಇನ್ನೂ ಮುಗಿದಿಲ್ಲ.

ಎದೆ ಸುಮ್ಮನಿದೆ. ಭಯ ಮಾತ್ರ
ಪರ್ಸಿನ ಒಳಜಿಪ್ಪಿಗೆ ಮನೆ ಬದಲಾಯಿಸಿದೆ.
ಉಪ್ಪಳ್ಳಿಯಲ್ಲಿ ಮುಸ್ತಾಕನ ಮಗಳ ನಿಕಾಹಿಗೆ ಹೊರಟು
ಹನುಮಂತಪ್ಪ ಸರ್ಕಲ್ಲಿನಲ್ಲಿ ಆಟೋ ತಿರುಗಿಸಿದೆ.
ಉಡುಗೊರೆ ಮರೆತೆ ಅಂದೆ ಗಂಡನಿಗೆ.
ಉಡುಗೊರೆ ನನ್ನ ತೊಡೆಯ ಮೇಲೇ ಇತ್ತು.
ಅವರು ಅದನ್ನು ನೋಡಿದರು, ರಸ್ತೆ ನೋಡಿದರು,
ಏನೂ ಅನ್ನಲಿಲ್ಲ.

ಐ.ಜಿ. ರಸ್ತೆಯ ಅಂಗಡಿಯವನು ನನ್ನ ಮುಖ ಓದತೊಡಗಿದಮೇಲೆ
ವಿಜಯಪುರದ ಅಂಗಡಿ.
"ಚೀಟಿ ಹಳೇದಲ್ವಾ ಮೇಡಂ?" ಮೀಸೆ ಮೂಡದ ಹುಡುಗ.
ಒಂದು ಹಿಡಿ ಮೂಗಿಗೊಡ್ಡಿ
ಲೋಡುಗಟ್ಟಲೆ ತಳ್ಳಿಹಾಕುವವಳು
ತಳ್ಳಿಹಾಕಿದ ಮೂಟೆಯ ಹಾಗೆ ಬೀದಿಯಲ್ಲಿ ನಿಂತೆ.

ಅವ್ವ ನಶ್ಯ ಏರಿಸುತ್ತಿದ್ದಳು.
"ಬಿಡ್ಬೇಕು ಅಂದ್ರೆ ನಾಳೇನೇ ಬಿಟ್ಟೇನು ಕಣೆ."
ಆ ನಾಳೆ ಮೂವತ್ತು ವರ್ಷ
ಅವಳ ಸೆರಗಿನ ಗಂಟಲ್ಲೇ ಇತ್ತು.
ಕೊನೆಯ ಸ್ನಾನದ ದಿನ ಗಂಟು ಬಿಚ್ಚಿದವಳು ನಾನು.
ಅಷ್ಟು ಜನ ಅಳುತ್ತಿರುವಾಗ
ಸೀನಿದವಳೂ ನಾನೇ.

ಕೆಟ್ಟ ರುಚಿಗಳಿಗೆ ನಮ್ಮಲ್ಲಿ ಹೆಸರಿವೆ:
ಹಸಿ, ಹುಳಿಹತ್ತಿದ್ದು, ಗೋಣಿವಾಸನೆ, ಮಣ್ಣು, ಮಳೆ ತಾಗಿದ್ದು.
ಸಂಜೆ ನಾಲ್ಕಕ್ಕೆ ನಾಲಗೆಯ ತುದಿಗೆ ಬರುವ ಇದಕ್ಕೆ ಹೆಸರಿಲ್ಲ.
ಕಾಯಿಲೆಯದೋ,
ಮಾತ್ರೆಯದೋ,
ಮಾತ್ರೆ ಇನ್ನೂ ಬಾರದ್ದರದೋ.

ನಿನ್ನೆ ಎಲ್ಲರೂ ಊಟಕ್ಕೆ ಹೋಗಿದ್ದಾಗ
ಸ್ಯಾಂಪಲ್ ತೂಗುವ ತಕ್ಕಡಿಯ ಮೇಲೆ ಅರ್ಧ ಇಟ್ಟೆ.
ಎಂಟು ಗ್ರಾಮಿನಲ್ಲಿ ಒಂದು ಬೀಜ ಹೆಚ್ಚಾದರೂ
ಚಾಡಿ ಹೇಳುವ ತಕ್ಕಡಿ ಅದು.
ಸೊನ್ನೆ, ಚುಕ್ಕೆ, ಸೊನ್ನೆ ಅಂದಿತು.
ನನ್ನ ಇಷ್ಟೂ ರಾತ್ರಿಗಳು ಅದರ ಮೇಲಿದ್ದವು.
ಬೆರಳಿಟ್ಟು ಒತ್ತಿದೆ.
ಬೆರಳಿನ ತೂಕ ತೋರಿಸಿತು.

"ಸರ್ವಮಂಗಳಕ್ಕ," ಮುಸ್ತಾಕ ಬಾಗಿಲಲ್ಲಿ, ಹುರಿದ ಬೀಜದ ತಟ್ಟೆ ಹಿಡಿದು,
"ಅದು ಕಾಫಿ ಅಲ್ಲ."
ಅಲ್ಲ ಅಂದೆ.
ಅಷ್ಟು ಅಂದದ್ದು ಅವನೊಬ್ಬನಿಗೇ, ಈ ಐದು ತಿಂಗಳಲ್ಲಿ.

ಈಗ ಕ್ಲಿನಿಕ್ಕಿನ ಬೆಂಚು. ಟೋಕನ್ ಹನ್ನೊಂದು.
ಮಾರ್ಕು ಹಾಕುವ ಚೀಟಿಯ ಬೆನ್ನಿಗೆ ಬರೆದು ತಂದಿದ್ದೇನೆ:
ಎಷ್ಟು, ಯಾವ ಯಾವ ಅಂಗಡಿ, ಯಾರಿಗೆ ಯಾವ ಸುಳ್ಳು.
ಬೈದರೆ ಬೈಯಲಿ. ಇದ್ದಕ್ಕಿದ್ದಂತೆ ನಿಲ್ಲಿಸು ಅನ್ನದಿರಲಿ.
ಇನ್ನೊಂದು ಚೀಟಿ ಸುಮ್ಮನೆ ಕೊಟ್ಟುಬಿಟ್ಟರೆ?
ಅದೇ ಭಯ. ಅದೇ ಆಸೆ.

ಒಂಬತ್ತನೆಯವರು ಒಳಗೆ ಹೋದರು.
ಬಾಗಿಲ ಸಂದಿನಿಂದ ಕಾಫಿ, ಡಾಕ್ಟರದೇ ಇರಬೇಕು.
ಚಿಕೋರಿ ನಲವತ್ತು ಪಾಲಾದರೂ ಇದೆ.
ಹಾಲು ತಳ ಹಿಡಿದಿದೆ.
ಇಲ್ಲಿಂದಲೇ ಹೇಳಬಲ್ಲೆ.