ಸುಳಿ

ಔರಾದ ಅಂಚೆ ಕಚೇರಿಯ ಹಿತ್ತಲಲ್ಲಿ
ಮೂರು ಬೀಜ ಹಾಕಿದ್ದೆ. ಒಂದನ್ನು ಇಲಿ ತಿಂದಿತು.
ಒಂದು ಮೊಳೆಯಲೇ ಇಲ್ಲ.
ಇದು ಉಳಿದೊಂದರ ಮಾತು.

ಅವು ನನ್ನವಲ್ಲ, ಮೊದಲೇ ಹೇಳಿಬಿಡುತ್ತೇನೆ.
ಸತ್ತಾರ್ ಮಾಸ್ತರರ ಹೆಸರಿಗೆ ಬಂದ ಲಕೋಟೆ,
ಮೂಲೆ ಹರಿದಿತ್ತು; ಕಳಿಸಿದವರ ವಿಳಾಸ
ಮಳೆಗೆ ನೆನೆದು ನೀಲಿ ಕಲೆಯಾಗಿತ್ತು.
ಮಾಸ್ತರರು ತೀರಿಕೊಂಡು ಅಂದಿಗೆ ಹನ್ನೊಂದು ದಿನ.
‘ವಿಳಾಸದಾರರು ಮೃತರು’ ಎಂದು ಬರೆದು
ನಿಯಮದಂತೆ ಮೇಲಿನ ಕಚೇರಿಗೆ ಕಳಿಸಿದೆ.
ಹರಿದ ಮೂಲೆಯಿಂದ ಉದುರಿದ್ದು ಮಾತ್ರ
ಮಸಿಡಬ್ಬಿಯ ಪಕ್ಕ ಉಳಿಯಿತು,
ಆಡಿನ ಹಿಕ್ಕೆಯಷ್ಟೇ ಗಾತ್ರ, ಅಷ್ಟೇ ಕಪ್ಪು.

ಒಳಗಿನ ಚೀಟಿ ಇಣುಕುತ್ತಿತ್ತು. ಓದಿದೆ. ಅದೂ ತಪ್ಪೇ.
‘ಚಳಿ ತಾಳುವ ತಾಳೆ ಇದು, ಮಾಸ್ತರ,
ಹಿಮ ಬಿದ್ದರೂ ಬದುಕುತ್ತದೆ.
ನಿಮ್ಮ ಬಿಸಿಲಿಗೆ ಏನನ್ನುತ್ತದೋ ತಿಳಿಯದು.’

ನಮ್ಮ ಬಿಸಿಲು!
ಏಪ್ರಿಲ್ಲಿನಲ್ಲಿ ಕೆಂಪು ಡಬ್ಬಿ ಮುಟ್ಟಿದರೆ ಬೊಬ್ಬೆ,
ಅಂಟು ಕರಗಿ ಸ್ಟಾಂಪುಗಳು
ಒಂದರ ಬೆನ್ನಿಗೊಂದು ಮಲಗುತ್ತವೆ.
ಎರೆಮಣ್ಣು ಬಾಯಿಬಿಟ್ಟರೆ ಮೊಣಕೈ ಇಳಿಯುತ್ತದೆ,
ಮಳೆಗೆ ಅದೇ ಮಣ್ಣು ನೀರು ಹಿಡಿದು ಬೇರು ಕೊಳೆಸುತ್ತದೆ.
ಎರಡು ಬುಟ್ಟಿ ಗರಸು ಕಲಸಿದೆ.
ಮಧ್ಯಾಹ್ನಕ್ಕೆ ಹರಿದ ಟಪಾಲು ಚೀಲ ನೆರಳಿಗೆ ಕಟ್ಟಿದೆ.
ಏಳು ತಿಂಗಳಿಗೆ ಒಂದೇ ಒಂದು ಎಲೆ,
ಹುಲ್ಲೆಂದು ಕೀಳಹೋದ ಧೂಳಪ್ಪನ ಕೈ ಹಿಡಿದೆ.
‘ಮೇಡಂ, ಹಳ್ಳದಾಗ ಈಚಲ ಬೇಕಾದಷ್ಟು ಅವ.
ಇದಕ್ಯಾಕ ಇಷ್ಟು ಉಪಚಾರ?’

ಮೂರನೆಯ ವರ್ಷ ಬೀಸಣಿಕೆ ಬಿಚ್ಚಿತು.
ನಾಲ್ಕನೆಯ ವರ್ಷ, ಪುಷ್ಯದ ಒಂದು ರಾತ್ರಿ,
ನಾಂದೇಡದ ಕಡೆಯಿಂದ ಗಾಳಿ ಬಂತು.
ಬೆಳಗ್ಗೆ ಬಕೀಟಿನ ನೀರಿಗೆ ಕೈ ಇಡಲಾಗಲಿಲ್ಲ.
ಬೀಸಣಿಕೆಯ ಬೆರಳೆಲ್ಲ ಚಹಾದ ಬಣ್ಣ.
ಚಳಿ ತಾಳುವ ಕುಲ, ಇರಬಹುದು;
ಇದು ಹುಟ್ಟಿದ್ದು ಔರಾದದಲ್ಲಿ,
ಹಿಮದ ಸುದ್ದಿ ಇದಕ್ಕೆ ಯಾರು ಹೇಳಿದ್ದರು?

ತಿಂಗಳ ಮೊದಲ ವಾರ ಪಿಂಚಣಿಗೆ ಬಂದ
ಜುಬೇದಾ ಬೀಗೆ ಎಲ್ಲ ಹೇಳಿದೆ,
ಕಿಟಕಿಯ ಈ ಕಡೆಯಿಂದ, ನೋಟು ಎಣಿಸುತ್ತ,
ಎರಡು ಸಲ ಲೆಕ್ಕ ತಪ್ಪಿ.
ಬೈಯಲಿಲ್ಲ.
‘ನನಗ ಓದಾಕ ಬರೂದಿಲ್ಲ. ಅವರ ಕಾಗದ
ಯಾರರೆ ಓದಬೇಕಿತ್ತು’ ಅಂದಳು.
ಸಂಜೆ ಒಂದು ಕೌದಿ ತಂದಳು,
ಮಾಸ್ತರರ ಅಂಗಿಗಳದು: ತಿಳಿನೀಲಿ, ಬೂದು ಪಟ್ಟಿ,
ಒಂದು ಜೇಬು ಜೇಬಾಗಿಯೇ ಉಳಿದಿತ್ತು.

ಎಲೆ ಒಣಗಿದರೆ ಒಣಗಲಿ, ಬೇರೆ ಬರುತ್ತದೆ.
ತಾಳೆಗೆ ಕೊಂಬೆಯಿಲ್ಲ, ಮಗ್ಗುಲು ಚಿಗುರಿಲ್ಲ,
ಇರುವುದೊಂದೇ ಸುಳಿ.
ಎಳೆದು ನೋಡಬೇಕು ಅನ್ನುತ್ತಾರೆ ತಿಳಿದವರು;
ಸಲೀಸಾಗಿ ಕೈಗೆ ಬಂದರೆ ಒಳಗೆ ಕೊಳೆತಿದೆ.
ಸಂತೆಯಲ್ಲಿ ಎತ್ತಿನ ಸುಳಿ ನೋಡಿ
ಮನೆತನದ ಭವಿಷ್ಯ ಹೇಳುವ ಅಪ್ಪ ನನಗಿದ್ದ,
ಇದನ್ನು ಮುಟ್ಟಲು ನನ್ನ ಎರಡು ಬೆರಳು ಒಪ್ಪಲಿಲ್ಲ.
‘ಎಳೀಬ್ಯಾಡ’ ಅಂದಳು ಜುಬೇದಾ ಬೀ.
‘ಹೊಲಿಗಿ ಹಿಡದದೋ ಇಲ್ಲೋ ಅಂತ
ಯಾರರೆ ಹೊಲಿಗಿ ಬಿಚ್ಚಿ ನೋಡ್ತಾರೇನು?’

ಹಾಗೆಂದೇ ಮುದ್ರೆಯ ಮಸಿಯಲ್ಲಿ ಕಡ್ಡಿ ಅದ್ದಿ
ಸುಳಿಗೂ ಪಕ್ಕದ ಒಣ ದಂಟಿಗೂ ಸೇರಿಸಿ
ಅಡ್ಡಕ್ಕೆ ಒಂದೇ ಗೆರೆ ಎಳೆದೆ.
ಮೈಲುತುತ್ತ ಸುಣ್ಣ ಕಲಸಿ ಬುಡಕ್ಕೆ ಬಳಿದೆ.
ರಾತ್ರಿ ಕೌದಿ ಹೊದಿಸುವುದು, ಬೆಳಗ್ಗೆ ತೆಗೆಯುವುದು.
ಗೆರೆ ನೋಡುವುದು. ಒಂದೇ ಗೆರೆ.
ಟಪಾಲು ಬರುವುದು, ಹೋಗುವುದು. ಒಂದೇ ಗೆರೆ.
ಹತ್ತೊಂಬತ್ತು ದಿನ.

ಇಂದು ಕೌದಿ ತೆಗೆದಾಗ ಕನ್ನಡಕ ಒರೆಸಿದೆ,
ಮತ್ತೊಮ್ಮೆ ಒರೆಸಿದೆ.
ದಂಟಿನ ಮೇಲಿನದು ಅಲ್ಲೇ ಇದೆ.
ಸುಳಿಯ ಮೇಲಿನದು, ಸ್ವಲ್ಪ,
ಜೋಳದ ಕಾಳಿನಷ್ಟೂ ಇಲ್ಲ, ಮೇಲೆ.

ಧೂಳಪ್ಪ, ಚೀಲ ಆಮೇಲೆ ಬಿಚ್ಚು.
ಮೇಜಿನ ಮೇಲಿನ ಸ್ಕೇಲು ತಾ.