ಅಂಚು ಕಾಣುವ ಕಡೆ

ಮೊಂಡೊವಿಯ ಸೂಲಗಿತ್ತಿ, ಎಂಬತ್ತೆಂಟರ ಒಟ್ಟಾವಿಯಾ,
ಕೀಲಿಕೈ ಕೊಡುವ ಮುನ್ನ ನನ್ನ ಅಂಗೈ ಮಗುಚಿ ನೋಡಿದಳು.
ಪಿಯಾನೊ ಶ್ರುತಿ ಮಾಡುವ ಕೈ, ಅಂದೆ ಮುರುಕು ಇಟಾಲಿಯನ್ನಿನಲ್ಲಿ.
ಗಟ್ಟಿಯಿದೆ, ಅಂದಳು. ಹಾಗಂತ ಎರಡನೇ ಗೇರನ್ನು ದಬ್ಬಬೇಡ.
ಬರುವ ಹೊತ್ತಿಗೆ ತಾನೇ ಬರುತ್ತದೆ.

ಐವತ್ತೈದರ ಲಾಂಚಿಯಾ ಆಪಿಯಾ. ಬೂದಿ ಬಣ್ಣ.
ಸ್ಟೀರಿಂಗ್ ಬಲಕ್ಕೆ; ಆ ದೇಶಕ್ಕೆ ತಪ್ಪು ಕಡೆ.
ಯಾಕೆ ಅಂದರೆ ಬೆಟ್ಟದತ್ತ ಕೈ ತೋರಿಸಿದಳು:
ನಡುರಾತ್ರಿ, ಹಿಮ, ಮೇಲಿನ ಹಳ್ಳಿಯಲ್ಲಿ ಯಾರಿಗೋ ನೋವು ಶುರುವಾಗಿದೆ,
ಕೊರಕಲಿನ ಅಂಚು ನಿನ್ನ ಮೊಣಕೈ ಕೆಳಗೇ ಇರಬೇಕು.
ಕಂಡರೆ ಬೀಳುವುದಿಲ್ಲ.

ನಾನು ಕೊಟ್ಟದ್ದು ಒಂದು ಪಿಯಾನೊದ ಬೆಲೆ.
ನನ್ನದೇ ಪಿಯಾನೊ, ಮೂವತ್ತೊಂದು ವರ್ಷ ಜೊತೆಗಿದ್ದದ್ದು.
ವೇಲ್ಸಿನಿಂದ ತಂಗಿ ನೆಸ್ಟಾ
ಫೋನಿನಲ್ಲಿ ನಕ್ಕಳು. ಆಮೇಲೆ ನಗಲಿಲ್ಲ.

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ತುಕ್ಕು ಹಿಡಿಯದ ಕತ್ತರಿ,
ಒಂದು ಉಂಡೆ ಬಿಳಿ ದಾರ.
ವಾಪಸು ಚಾಚಿದರೆ, ಇರಲಿ ಬಿಡು, ಅಂದಳು,
ದಾರಿ ಉದ್ದ.

ಮೊನ್ಸೆನಿಸಿಯೊ ಏರುವಾಗ ಸೂಜಿ ಕೆಂಪು ಮುಟ್ಟಿತು.
ಜುಲೈ. ಎಂಜಿನ್ನಿನ ಕಾವು ಇಳಿಯಲೆಂದು ಹೀಟರ್ ಹಾಕಿ
ಬೆವರು ಕಣ್ಣಿಗಿಳಿದು ಬೈದೆ,
ಅಮ್ಮನ ಭಾಷೆಯಲ್ಲಿ, ಕಾರಿಗೆ ತಿಳಿಯದಿರಲೆಂದು.
ಚೀಸ್ ಮಾರುವ ಹುಡುಗ ಹಾಲಿನ ಕ್ಯಾನಿನಲ್ಲಿ ನೀರು ತಂದ.
ದುಡ್ಡು ಬೇಡ, ಒಂದು ಸಲ ಹಾರ್ನ್ ಹೊಡೀಲಾ?
ಹೊಡೆದ.
ಹಸುಗಳು ತಲೆ ಎತ್ತಿದವು, ಮತ್ತೆ ಹುಲ್ಲಿಗೆ ಬಗ್ಗಿದವು.

ಫ್ರಾನ್ಸಿನಲ್ಲಿ ಟೋಲಿನ ಕಿಟಕಿ ಎಡಕ್ಕೆ, ನಾನು ಬಲಕ್ಕೆ.
ಸೀಟಿನುದ್ದ ತೆವಳಿ ಚಿಲ್ಲರೆ ಎಣಿಸುವಷ್ಟರಲ್ಲಿ
ಹಿಂದಿನ ಲಾರಿಯವನಿಗೆ ಒಂದು ವರ್ಷ ವಯಸ್ಸಾಗಿತ್ತು.
ಎರಡು ಟೋಲಿಗೇ ಸಾಕಾಗಿ ಹೆದ್ದಾರಿ ಬಿಟ್ಟೆ.

ಊರಿಂದೂರಿಗೆ ಸಣ್ಣ ರಸ್ತೆ, ಗೋಧಿ, ನೀರಿನ ತೊಟ್ಟಿ, ಮುಚ್ಚಿದ ಬೇಕರಿ.
ಎಂಬತ್ತರ ವೇಗದಲ್ಲಿ ಅದು ಹಿಡಿಯುವುದು ಒಂದೇ ಸ್ವರ,
ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ.
ಇಡೀ ಮಧ್ಯಾಹ್ನ ನನ್ನ ಬಲಗೈ
ಇಲ್ಲದ ಶ್ರುತಿಕೀಲಿಗಾಗಿ ತಡಕಾಡಿತು.
ಸಂಜೆಯ ಹೊತ್ತಿಗೆ ಕಿವಿಯೇ ಕೆಳಗಿಳಿದು ಅದರ ಪಕ್ಕ ಕೂತಿತು.

ಲಾಂಗ್ರ್ ದಾಟಿದ ಮೇಲೆ ಬಾನೆಟ್ಟಿನ ಕೊಂಡಿ ಕಳಚಿ ಪಟಪಟ ಬಡಿಯಿತು.
ಬಿಳಿ ದಾರ, ಏಳು ಸುತ್ತು, ಬಿಗಿಯಾಗಿ ಗಂಟು.
ಕತ್ತರಿ ಹಿಡಿದಾಗ ಒಂದು ಗಳಿಗೆ ನಿಂತೆ:
ಈ ಉಂಡೆಯ ಆಚೆ ತುದಿಯನ್ನು
ಎಷ್ಟು ಹೊಕ್ಕುಳಿಗೆ ಕಟ್ಟಿದ್ದಳೋ.
ಕಚಕ್.

ಡೋವರಿನಲ್ಲಿ ಹಡಗಿನ ಬಾಯಿ ತೆರೆದು ಎಲ್ಲರೂ ಎಡಕ್ಕೆ ಹೊರಳಿದರು.
ಅರವತ್ತೆಂಟು ವರ್ಷ ತಪ್ಪು ಕಡೆ ಕೂತಿದ್ದ ಸ್ಟೀರಿಂಗ್
ಒಂದೇ ಏಟಿಗೆ ಸರಿಯಾಯಿತು.
ನಮ್ಮ ರಸ್ತೆಗೇ ಮಾಡಿದ ಹಾಗಿದೆ, ಅಂದ ಪೆಟ್ರೋಲ್ ಬಂಕಿನವನು.
ಹೂಂ ಅಂದೆ.
ಆದರೆ ಮೊಣಕೈ ಕೆಳಗೆ ಈಗ ಅಂಚಿಲ್ಲ,
ಎದುರು ಬರುವವರ ಮುಖಗಳು ಮಾತ್ರ, ಒಂದರ ಹಿಂದೊಂದು.

ಬಾಲಾ ದಾಟಿ ನಮ್ಮ ಓಣಿ. ಎರಡೂ ಬದಿಗೆ ಕಲ್ಲುಗೋಡೆ.
ರಾತ್ರಿ ಹತ್ತೂವರೆ, ಆಕಾಶದಲ್ಲಿ ಇನ್ನೂ ಚೂರು ಬೆಳಕು.
ಸಾವಿರದ ಏಳುನೂರು ಕಿಲೋಮೀಟರು ಗೀರೊಂದಿಲ್ಲದೆ ಬಂದು
ನನ್ನದೇ ಗೇಟಿಗೆ ಎಡಬಾಗಿಲು ಉಜ್ಜಿತು.
ಟಾರ್ಚ್ ಹಿಡಿದು ಓಡಿ ಬಂದ ನೆಸ್ಟಾ
ಗೀರು ನೋಡಿದಳು, ನನ್ನನ್ನು ನೋಡಿದಳು,
ಟಾರ್ಚ್ ಆರಿಸಿದಳು.

ಮುಟ್ಟಿದೆಯಾ, ಅಂದಳು ಒಟ್ಟಾವಿಯಾ, ನಿದ್ದೆ ಮಾಡದ ದನಿ.
ಮುಟ್ಟಿದೆ. ಒಂದು ಗೀರು.
ಯಾವ ಕಡೆ?
ಎಡ.
ಹಾಂ, ಕಾಣದ ಕಡೆ, ಅಂದಳು. ಗದರಲಿಲ್ಲ.

ಪಿಯಾನೊ ಇದ್ದ ಕೋಣೆಯ ಕಿಟಕಿ ತೆರೆದಿಟ್ಟು ಮಲಗಿದೆ.
ಕೊಟ್ಟಿಗೆಯಲ್ಲಿ ಎಂಜಿನ್ನು ತಣಿಯುತ್ತ ಟಿಕ್ ಅಂದಿತು.
ತುಸು ಬಿಟ್ಟು, ಟಿಕ್.
ನಡುವಿನ ಬಿಡುವು ಉದ್ದವಾಗುತ್ತ ಹೋದದ್ದನ್ನು
ಹನ್ನೊಂದರವರೆಗೆ ಎಣಿಸಿದ ನೆನಪು.