ಮೂರು ಮಿಲಿಮೀಟರ್ ಕಿತ್ತಳೆ

ನಾನು ಸೇರಿದ ವರ್ಷ ಕಂಪನಿಗಿದ್ದದ್ದು ಹನ್ನೊಂದು ಗೋಪುರ.
ಉಲಾನ್‌ಬಾತರಿನ ಸುತ್ತ ಅಷ್ಟಗಲ ಕಿತ್ತಳೆ,
ಯಾರೋ ನಕಾಶೆಯ ಮೇಲೆ ಚಹಾ ಚೆಲ್ಲಿದ ಹಾಗೆ.
ಉಳಿದ ದೇಶವೆಲ್ಲ ಬಿಳಿ.
ಬಿಳಿ ಅಂದರೆ ಹಿಮವಲ್ಲ, ‘ಇನ್ನೂ ಇಲ್ಲ’ ಅಂತ
ಎಂದು ಹೇಳಿಕೊಟ್ಟವನು ಸುಖ್‌ಬೋಲ್ದ್,
ಮೂರನೇ ಮಹಡಿಯ ನಕಾಶೆ ವಿಭಾಗದ ಮುಖ್ಯಸ್ಥ,
ನಾನು ಬರುವತನಕ ಸಿಬ್ಬಂದಿಯೂ ಅವನೇ.

ಪ್ರತಿ ಜನವರಿ, ಕ್ಯಾಲೆಂಡರಿಗೊಂದು ಹೊಸ ನಕಾಶೆ.
ಕಿತ್ತಳೆ ಹಬ್ಬಿತು. ಮೊದಲು ರೈಲುಹಳಿಯ ಗುಂಟ,
ಆಮೇಲೆ ಗಣಿಗಳ ಕಡೆಗೆ
(ದುಡ್ಡಿಗೆ ದಾರಿ ಯಾರೂ ತೋರಿಸಬೇಕಿಲ್ಲ)
ಆಮೇಲೆ ಜಿಲ್ಲೆಯ ಊರುಗಳಿಗೆ, ಒಂದೊಂದೇ ಪೊಟ್ಟು.
ಹತ್ತು ಲಕ್ಷದ ಗ್ರಾಹಕ ಒಬ್ಬ ಬಡಗಿ.
ಕೇಕು ಕತ್ತರಿಸಿ ಅವನಿಗೊಂದು ಸ್ಕೂಟರು ಕೊಟ್ಟರು.
ಮೈನಸ್ ಮೂವತ್ತರಲ್ಲಿ ಅದು ಸ್ಟಾರ್ಟಾಗಲಿಲ್ಲ,
ತಳ್ಳಿಕೊಂಡು ಹೋದ.

ಚಿಕ್ಕಮ್ಮ ನರಂಗೆರೆಲ್ ಇದ್ದದ್ದು ಬಿಳಿಯಲ್ಲಿ.
ಗೋಬಿಯ ಅಂಚು, ಮುನ್ನೂರು ಆಡು, ಒಂದು ಮುದಿ ಕುದುರೆ.
ಉಣ್ಣೆಗುಡಾರದೊಳಗೆ, ಒಲೆಯ ಹಿಂದೆ,
ನನ್ನ ಕ್ಯಾಲೆಂಡರು ತೂಗುತ್ತಿತ್ತು.
ಒಂದು ಜನವರಿ, ಮೌಸಿನ ತುದಿಯಿಂದ,
ಕಿತ್ತಳೆಯ ಅಂಚನ್ನು ಮೂರು ಮಿಲಿಮೀಟರ್ ಎಳೆದೆ.
ಕೈ ಜಾರಿತು ಎನ್ನಲಾರೆ.
ಅವಳನ್ನು ಇನ್ನೊಂದು ವರ್ಷ ಹೊರಗೆ ಬಿಡಲು
ಮನಸ್ಸಾಗಲಿಲ್ಲ, ಅಷ್ಟೆ.

ಮೂರು ಮಿಲಿಮೀಟರ್ ಅಂದರೆ ನೆಲದ ಮೇಲೆ ಹನ್ನೆರಡು ಕಿಲೋಮೀಟರು.

ಲಾರಿಯ ಎನ್ಖ್‌ತೂರ್ ಸುದ್ದಿ ತಂದ:
ದಿನಾ ಸಂಜೆ ಗುಡ್ಡ ಹತ್ತುತ್ತಾಳೆ,
ಜೀನಿನ ಮೇಲೆ ನಿಂತು ಫೋನನ್ನು ಆಕಾಶಕ್ಕೆ ಹಿಡಿಯುತ್ತಾಳೆ,
ಕುದುರೆ ಪಾಪ ಅಲ್ಲಾಡದೆ ನಿಂತಿರುತ್ತದೆ.
ಫೋನೇ ಕೆಟ್ಟದ್ದು ಅಂತ ನಾಲ್ಕು ಆಡು ಮಾರಿ
ಇನ್ನೊಂದು ಕೊಂಡಳು. ಅದೂ ಮೂಕ.
ಮತ್ತೆ ಮೂರು ಆಡು.
‘ನಕಾಶೆ ತಪ್ಪಿರಬಹುದು ಅಕ್ಕಾ’ ಅಂದದ್ದಕ್ಕೆ
ಅವನಿಗೆ ಆ ದಿನ ಚಹಾ ಕೊಡಲಿಲ್ಲವಂತೆ.
‘ಬಣ್ಣ ಬಳಿದವಳು ನಮ್ಮ ಹುಡುಗಿ.’

ಅರ್ಜಿ ಬರೆದೆ. ಯೋಜನಾ ವಿಭಾಗಕ್ಕೆ, ಒಂಬತ್ತು ಸಲ.
ಉತ್ತರ ಒಂದೇ: ಅಲ್ಲಿ ಜನ ಕಡಿಮೆ.
ನಿಜ ಹೇಳಲು ಎರಡು ಸಲ ಸುಖ್‌ಬೋಲ್ದನ ಬಾಗಿಲತನಕ ಹೋದೆ.
ಎರಡು ಸಲವೂ ಅವನು ಊಟದಲ್ಲಿದ್ದ,
ಎರಡು ಸಲವೂ ನನಗೆ ಸಮಾಧಾನವಾಯಿತು.

ಕೊನೆಗೆ ಗೋಪುರ ಎದ್ದದ್ದು ನನ್ನಿಂದಲ್ಲ, ತಾಮ್ರದಿಂದ.
ಗುಡ್ಡದಾಚೆ ಯಾರೋ ಅದಿರು ಕಂಡಿದ್ದರು.
ಮೇ ತಿಂಗಳ ಒಂದು ಮಂಗಳವಾರ ನನ್ನ ಮೇಜಿನ ಫೋನು.
ಮೊದಲು ಬರಿ ಗಾಳಿ. ಆಮೇಲೆ ಒಂದು ಆಡು.
ಆಮೇಲೆ, ಹತ್ತು ಮೈಲಿಗೆ ಕೇಳುವಂತೆ ಕೂಗುತ್ತ, ಅವಳು:

‘ನೋಡಿದೆಯಾ? ನಾನು ಹೇಳಿರಲಿಲ್ಲವಾ?
ಮೊದಲಿನವು ಎರಡೂ ಕಳಪೆ ಮಾಲು!’

ಹೌದು ಚಿಕ್ಕಮ್ಮ, ಅಂದೆ.
ಏಳು ಆಡಿನ ಬೆಲೆ ಎಷ್ಟಾಗುತ್ತದೆಂದು
ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತ.